ಹೆಸರು ಅದೇ, ಕರ್ನಲ್ ಬೇರೆ: ಮಾಡ್ಯೂಲ್ ಲೋಡ್ ಆಗದ ಒಂದು ವಿಎಂ ಪ್ರಕರಣ

ಹಿನ್ನೆಲೆ

ಇದು ಒಂದು ಸಣ್ಣ ಸಾಫ್ಟ್‌ವೇರ್ ತಂಡದಲ್ಲಿ ನಡೆದದ್ದು. ತಂಡದ ಹೆಸರು, ಯಂತ್ರಗಳ ಹೆಸರು, ಅವರಿಗೆ ವಿಎಂ (ವರ್ಚುವಲ್ ಮಷೀನ್, ಅಂದರೆ ದೊಡ್ಡ ಯಂತ್ರವೊಂದರ ಒಳಗೆ ಸಾಫ್ಟ್‌ವೇರ್ ಕಟ್ಟಿಕೊಡುವ ಯಂತ್ರ) ಬಾಡಿಗೆಗೆ ಕೊಟ್ಟ ಹೋಸ್ಟಿಂಗ್ ಕಂಪನಿಯ ಹೆಸರು ಯಾವುದೂ ಇಲ್ಲಿ ಬರುವುದಿಲ್ಲ. ಗುರುತು ಹಿಡಿಯಬಹುದಾದ ವಿವರಗಳನ್ನೂ ಬಿಟ್ಟಿದ್ದೇನೆ. ತಾಂತ್ರಿಕ ಸಂಗತಿಗಳು ಮಾತ್ರ ಇದ್ದದ್ದು ಇದ್ದ ಹಾಗೆ. ತಂಡದಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವ ಅಡ್ಮಿನ್ ಒಬ್ಬರಿದ್ದರು, ಅವರಿಗೆ ಸಹಾಯಕ್ಕೆ ಒಬ್ಬ ಕಿರಿಯ ಡೆವಲಪರ್. ನಾನು ಹೊರಗಿನಿಂದ ಆಗಾಗ ಸಲಹೆ ಕೊಡುವವನು. ಕೆಲಸ ಅರ್ಧ ದಾರಿಯಲ್ಲಿ ನಿಂತಾಗ ನನ್ನನ್ನು ಕರೆದರು.

ಅವರ ಹತ್ತಿರ ಇದ್ದದ್ದು ಕೆಲವು ವಿಎಂಗಳು. ಎಲ್ಲದರಲ್ಲೂ ಡೆಬಿಯನ್ 11 ಅನ್ನುವ ಲಿನಕ್ಸ್ ಓಎಸ್, ಅಂದರೆ 5.10 ಸರಣಿಯ ಕರ್ನಲ್ (ಓಎಸ್‌ನ ತಿರುಳು). ಡೇಟಾಬೇಸ್ ಇರುವ ಹಳೆಯ ವಿಎಂಗೂ ಹೊಸದಾಗಿ ತೆಗೆದುಕೊಂಡ ಇನ್ನೊಂದು ವಿಎಂಗೂ ನಡುವೆ ವೈರ್‌ಗಾರ್ಡ್ ಸಂಪರ್ಕ, ಅಂದರೆ ಗೂಢಲಿಪಿಯಲ್ಲಿ ಸಾಗುವ ಖಾಸಗಿ ಸಂಪರ್ಕ (ವಿಪಿಎನ್), ಹಾಕಬೇಕಿತ್ತು. ವೈರ್‌ಗಾರ್ಡ್ 2020ರಲ್ಲಿ ಬಂದ 5.6ನೇ ಆವೃತ್ತಿಯಿಂದಲೇ ಲಿನಕ್ಸ್ ಕರ್ನಲ್‌ನ ಭಾಗ. ಡೆಬಿಯನ್ 11ರಲ್ಲಿ ಬೇರೆ ಏನನ್ನೂ ಕಂಪೈಲ್ ಮಾಡಬೇಕಿಲ್ಲ, ಅದರ ಮಾಡ್ಯೂಲ್ (ಬೇಕಾದಾಗ ಕರ್ನಲ್‌ಗೆ ತುಂಬಿಕೊಳ್ಳುವ ತುಂಡು) ಕರ್ನಲ್ ಪ್ಯಾಕೇಜಿನ ಜೊತೆಗೇ ಬರುತ್ತದೆ. ಹೊಸ ವಿಎಂನಲ್ಲಿ ಕೆಲಸ ಚಕಚಕನೆ ಮುಗಿಯಿತು. ಹಳೆಯದರಲ್ಲಿ ಮುಗಿಯಲಿಲ್ಲ.

ಹಳೆಯ ವಿಎಂ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅದು ಈ ಕಂಪನಿಯ ಹಳೆಯ ಪ್ಲಾನ್‌ನಲ್ಲಿತ್ತು. ಡೆಬಿಯನ್‌ನ ಹಿಂದಿನ ಆವೃತ್ತಿಯಿಂದ 11ಕ್ಕೆ ಏರಿಸುವಾಗ ಕಂಪನಿಯ ಕಂಟ್ರೋಲ್ ಪ್ಯಾನೆಲ್‌ನಲ್ಲೂ ಓಎಸ್ ಆಯ್ಕೆಯನ್ನು ‘ಡೆಬಿಯನ್ 11’ ಅಂತ ಬದಲಾಯಿಸಿದ್ದರು. ಆ ಆಯ್ಕೆ ನಿಜವಾಗಿ ಏನು ಮಾಡುತ್ತದೆ ಅಂತ ಆಗ ಯಾರೂ ಕೇಳಿರಲಿಲ್ಲ. ಪ್ಯಾನೆಲ್‌ನಲ್ಲೂ ಅದರ ವಿವರಣೆ ಇರಲಿಲ್ಲ.

ಕಾಣಿಸಿದ ತೊಂದರೆ

ವೈರ್‌ಗಾರ್ಡ್ ಇಂಟರ್‌ಫೇಸ್ ಸೇರಿಸಲು ಹೋದರೆ ‘ಅನ್‌ನೋನ್ ಡಿವೈಸ್ ಟೈಪ್’ ಅಂತ ಉತ್ತರ. ಇಂಥ ಇಂಟರ್‌ಫೇಸ್ ಗೊತ್ತಿಲ್ಲ ಅಂತ ಕರ್ನಲ್ ಹೇಳುತ್ತಿದೆ, ಅಂದರೆ ಮಾಡ್ಯೂಲ್ ಒಳಗೆ ಬಂದಿಲ್ಲ. ಮಾಡ್‌ಪ್ರೋಬ್ ಕಮಾಂಡ್ ಕೊಟ್ಟು ಕೈಯಿಂದಲೇ ತುಂಬಲು ನೋಡಿದರೆ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’. ಡಿಮೆಸೇಜ್‌ನ, ಅಂದರೆ ಕರ್ನಲ್ ಬರೆದಿಡುವ ಸಂದೇಶಗಳ, ಕೊನೆಯ ಸಾಲಿನಲ್ಲಿ ಯುಡಿಪಿ ಟನಲ್ ಅನ್ನುವ ಬೇರೆಯೇ ಮಾಡ್ಯೂಲಿನ ಹೆಸರು. ‘ಮಾಡ್ಯೂಲ್ ಲೇಔಟ್’ ಅನ್ನುವ ಸಿಂಬಲ್‌ನ (ಕರ್ನಲ್ ಒಳಗಿನ ಫಂಕ್ಷನ್ ಅಥವಾ ಡೇಟಾದ ಹೆಸರು) ಆವೃತ್ತಿ ಹೊಂದುತ್ತಿಲ್ಲ ಅನ್ನುವುದು ಅಲ್ಲಿನ ದೂರು.

ಕೇಳಿದ್ದು ವೈರ್‌ಗಾರ್ಡ್, ದೂರು ಬಂದದ್ದು ಯುಡಿಪಿ ಟನಲ್ ಮೇಲೆ. ಇದು ಡೆವಲಪರ್‌ನನ್ನು ಸ್ವಲ್ಪ ಹೊತ್ತು ಅಡ್ಡದಾರಿಗೆ ಎಳೆಯಿತು. ಇದರಲ್ಲಿ ಗೂಢವೇನೂ ಇಲ್ಲ. ಒಂದು ಮಾಡ್ಯೂಲ್‌ಗೆ ಬೇರೆ ಮಾಡ್ಯೂಲ್‌ಗಳು ಬೇಕಿದ್ದರೆ ಮಾಡ್‌ಪ್ರೋಬ್ ಅವುಗಳನ್ನು ಮೊದಲು ತುಂಬುತ್ತದೆ. ಮೊದಲ ಅವಲಂಬನೆಯಲ್ಲೇ ಸೋತರೆ ವೈರ್‌ಗಾರ್ಡ್‌ನ ಸರದಿಯೇ ಬರುವುದಿಲ್ಲ. ಆದರೂ ಮಾಡ್‌ಪ್ರೋಬ್ ಬೈಯುವಾಗ ನಾವು ಕೇಳಿದ ಹೆಸರನ್ನೇ ಹೇಳುತ್ತದೆ.

ಮೊದಲು ಹಿಡಿದ ದಾರಿಗಳು

ಅಡ್ಮಿನ್ ಮೊದಲು ಇದು ಕಂಟೈನರ್ ಇರಬಹುದಾ ಅಂತ ನೋಡಿದರು. ಒಳ್ಳೆಯ ಪ್ರಶ್ನೆಯೇ. ಅಗ್ಗದ ‘ವರ್ಚುವಲ್ ಸರ್ವರ್’ ಅಂತ ಮಾರುವ ಕೆಲವು ಯಂತ್ರಗಳು ಒಳಗೆ ಕಂಟೈನರ್‌ಗಳೇ. ಅಲ್ಲಿ ಕರ್ನಲ್ ಹೋಸ್ಟ್‌ನದು, ಅಂದರೆ ಹೊರಗಿನ ದೊಡ್ಡ ಯಂತ್ರದ್ದು, ಒಳಗಿನವರಿಗೆ ಮಾಡ್ಯೂಲ್ ತುಂಬುವ ಅಧಿಕಾರವೇ ಇರುವುದಿಲ್ಲ. ಸಿಸ್ಟಮ್‌ಡಿ ಜೊತೆ ಬರುವ ಡಿಟೆಕ್ಟ್-ವರ್ಟ್ ಕಮಾಂಡ್ ಕೆವಿಎಂ, ಅಂದರೆ ನಿಜವಾದ ವಿಎಂ, ಅಂತ ಹೇಳಿತು. ಆ ಅನುಮಾನ ಅಲ್ಲಿಗೆ ಹೋಯಿತು. ಆದರೆ ಅದರ ಬೆನ್ನಿಗೇ ಒಂದು ನಂಬಿಕೆ ಗಟ್ಟಿಯಾಯಿತು: ಇದು ಕೆವಿಎಂ, ಹಾಗಾಗಿ ಕರ್ನಲ್ ನಮ್ಮದೇ, ಹಾಗಾಗಿ ಬೂಟ್ ಫೋಲ್ಡರ್‌ನಲ್ಲಿ (ಇನ್‌ಸ್ಟಾಲ್ ಆದ ಕರ್ನಲ್ ಫೈಲ್‌ಗಳು ಇರುವ ಜಾಗ) ಇರುವುದೇ ಓಡುತ್ತಿರುವುದು. ಮೊದಲ ಎರಡು ಮಾತಿನಿಂದ ಮೂರನೆಯದು ಬರುವುದಿಲ್ಲ ಅನ್ನುವುದು ಆಗ ಯಾರಿಗೂ ಹೊಳೆಯಲಿಲ್ಲ.

ಸಹಿ ಇರುವ ಕರ್ನಲ್, ಮಾಡ್ಯೂಲ್‌ಗಳನ್ನಷ್ಟೇ ಬಿಡುವ ಸೆಕ್ಯೂರ್ ಬೂಟ್ ಮೇಲೆ ಅನುಮಾನ ಬಂತು. ಬಂದಿದ್ದ ದೂರು ಅದಕ್ಕೆ ಹೊಂದುತ್ತಿರಲಿಲ್ಲ. ಸಹಿ ಇಲ್ಲದ ಮಾಡ್ಯೂಲ್ ಆಗಿದ್ದರೆ ‘ರಿಕ್ವೈರ್ಡ್ ಕೀ ನಾಟ್ ಅವೈಲಬಲ್’ ಅಥವಾ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಅಂತ ಬರಬೇಕು. ಕರ್ನಲ್ ತನ್ನನ್ನೇ ಬಿಗಿ ಮಾಡಿಕೊಳ್ಳುವ ಲಾಕ್‌ಡೌನ್ ಇದ್ದರೆ ‘ಆಪರೇಷನ್ ನಾಟ್ ಪರ್ಮಿಟೆಡ್’, ಜೊತೆಗೆ ಡಿಮೆಸೇಜ್‌ನಲ್ಲಿ ಲಾಕ್‌ಡೌನ್ ಅನ್ನುವ ಪದ. ಫೈಲೇ ಇಲ್ಲದಿದ್ದರೆ ‘ನಾಟ್ ಫೌಂಡ್ ಇನ್ ಡೈರೆಕ್ಟರಿ’. ಮಾಡ್ಯೂಲ್ ಲೋಡ್ ಆಗದಿರಲು ಕಾರಣಗಳು ಹಲವು, ಆದರೆ ಕರ್ನಲ್ ಅವನ್ನೆಲ್ಲ ಒಂದೇ ದನಿಯಲ್ಲಿ ಹೇಳುವುದಿಲ್ಲ. ಎಕ್ಸೆಕ್ ಫಾರ್ಮ್ಯಾಟ್ ಅಂದರೆ ಫೈಲ್ ಸಿಕ್ಕಿದೆ, ಓದಿದ್ದೂ ಆಗಿದೆ, ಆದರೆ ಈ ಕರ್ನಲ್‌ಗೆ ಅಂತ ಕಟ್ಟಿದ ಫೈಲ್ ಅಲ್ಲ ಅನ್ನಿಸಿದೆ ಅಂತ. ಈ ಒಂದು ಸಾಲನ್ನು ಅಕ್ಷರಶಃ ನಂಬಿದ್ದರೆ ಮುಂದಿನ ಅಲೆದಾಟ ಅರ್ಧಕ್ಕರ್ಧ ಉಳಿಯುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ನಂಬಲಿಲ್ಲ ಏಕೆಂದರೆ ಹೆಸರುಗಳು ಹೊಂದುತ್ತಿದ್ದವು. ಯೂನೇಮ್‌ಗೆ ಆರ್ ಆಯ್ಕೆ ಕೊಟ್ಟರೆ ಬರುವ ಕರ್ನಲ್ ಹೆಸರೂ, ಲಿಬ್ ಕೆಳಗಿನ ಮಾಡ್ಯೂಲ್ಸ್ ಫೋಲ್ಡರ್‌ನಲ್ಲಿದ್ದ ಹೆಸರೂ ಅಕ್ಷರ ಬಿಡದೆ ಒಂದೇ. ಮಾಡ್‌ಇನ್ಫೋ ತೋರಿಸಿದ ವರ್ಮ್ಯಾಜಿಕ್ ಸಾಲೂ, ಅಂದರೆ ಮಾಡ್ಯೂಲ್ ಯಾವ ಕರ್ನಲ್‌ಗೆ ಕಟ್ಟಿದ್ದು ಅಂತ ಹೇಳುವ ಸಾಲೂ, ಅದೇ. ‘ಮೇಡಂ, ಎಲ್ಲಾ ಸರಿಯಾಗೇ ಇದೆ ಅಲ್ವಾ, ಫೈಲ್ ಹಾಳಾಗಿರಬೇಕು’ ಅಂದ ಡೆವಲಪರ್ ಕರ್ನಲ್ ಪ್ಯಾಕೇಜನ್ನು ಮತ್ತೆ ಇನ್‌ಸ್ಟಾಲ್ ಮಾಡಿದ. ಅದೇ ದೂರು. ಮಾಡ್ಯೂಲ್‌ಗಳ ಅವಲಂಬನೆ ಪಟ್ಟಿಯನ್ನು ಹೊಸದಾಗಿ ಬರೆಯುವ ಡೆಪ್‌ಮಾಡ್ ಓಡಿಸಿದ. ಅದೇ ದೂರು. ಮಾಡ್ಯೂಲ್ ಕಟ್ಟಲು ಬೇಕಾದ ಹೆಡರ್ ಪ್ಯಾಕೇಜ್ ಹಾಕಿ, ಮೂಲದಿಂದ ಆ ಮಾಡ್ಯೂಲ್‌ಗಳನ್ನಷ್ಟೇ ಕಂಪೈಲ್ ಮಾಡಿದ. ಕಂಪೈಲ್ ಸಲೀಸಾಗಿ ಆಯಿತು. ಲೋಡ್ ಮಾಡಿದರೆ ಮತ್ತೆ ಅದೇ ದೂರು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಡೆಬಿಯನ್ 11ರ ಕರ್ನಲ್‌ನಲ್ಲಿ ಮಾಡ್‌ವರ್ಷನ್ಸ್ ಅನ್ನುವ ವ್ಯವಸ್ಥೆ ಚಾಲೂ ಇರುತ್ತದೆ. ಮಾಡ್ಯೂಲ್‌ಗಳು ಬಳಸಬಹುದಾದ ಪ್ರತಿ ಸಿಂಬಲ್‌ಗೂ ಅದರ ರಚನೆಯಿಂದ ಲೆಕ್ಕ ಹಾಕಿದ ಒಂದು ಸಿಆರ್‌ಸಿ ಸಂಖ್ಯೆ ಇರುತ್ತದೆ. ಕರ್ನಲ್ ಬಳಿ ಒಂದು ಪ್ರತಿ, ಮಾಡ್ಯೂಲ್ ಒಳಗೆ ಒಂದು ಪ್ರತಿ. ಲೋಡ್ ಆಗುವಾಗ ಎರಡನ್ನೂ ಹೋಲಿಸಿ ನೋಡುತ್ತದೆ. ಮಾಡ್ಯೂಲ್ ಲೇಔಟ್ ಅನ್ನುವುದು ಇದಕ್ಕೆಂದೇ ಇಟ್ಟ ಸಿಂಬಲ್. ಮಾಡ್ಯೂಲನ್ನು ವಿವರಿಸುವ ಮೂಲ ರಚನೆಯೇ ಬದಲಾಗಿದ್ದರೆ ಅದರ ಸಂಖ್ಯೆಯೂ ಬದಲಾಗುತ್ತದೆ. ಕರ್ನಲ್ ಸಂರಚನೆಯಲ್ಲಿ ಒಂದೆರಡು ಆಯ್ಕೆ ಆಚೀಚೆ ಮಾಡಿದರೂ ಇದು ಬದಲಾಗಬಹುದು. ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ: ಮಾಡ್ಯೂಲ್‌ನಲ್ಲಿ ಸಿಆರ್‌ಸಿ ಇದ್ದರೆ, ವರ್ಮ್ಯಾಜಿಕ್‌ನ ಮೊದಲ ತುಂಡನ್ನು, ಅಂದರೆ ಆವೃತ್ತಿಯ ಹೆಸರನ್ನು, ಕರ್ನಲ್ ಹೋಲಿಸುವುದೇ ಇಲ್ಲ. ಡೆವಲಪರ್ ಸಾಕ್ಷಿ ಅಂತ ತೋರಿಸುತ್ತಿದ್ದ ಹೆಸರನ್ನು ಕರ್ನಲ್ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಡಬ್ಬಿಯ ಮೇಲಿನ ಚೀಟಿ ಒಂದೇ, ಒಳಗಿರುವುದು ಬೇರೆ ಅನ್ನುವ ಸ್ಥಿತಿ. ಕಂಪೈಲ್ ಮಾಡಿದ್ದೂ ಅದೇ ಕಾರಣಕ್ಕೆ ಕೆಲಸಕ್ಕೆ ಬರಲಿಲ್ಲ. ಸಿಆರ್‌ಸಿ ಸಂಖ್ಯೆಗಳು ಹೆಡರ್ ಪ್ಯಾಕೇಜಿನ ಜೊತೆ ಬರುವ ಪಟ್ಟಿಯಿಂದ ಬಂದವು. ಆ ಪಟ್ಟಿ ಡೆಬಿಯನ್ ಕಟ್ಟಿದ ಕರ್ನಲ್‌ನದು, ಓಡುತ್ತಿರುವ ಕರ್ನಲ್‌ನದಲ್ಲ.

ಬಲವಂತದ ದಾರಿ ಬೇಡ ಅಂದದ್ದು

ಮಾಡ್‌ಪ್ರೋಬ್‌ಗೆ ಫೋರ್ಸ್ ಅಂತ ಒಂದು ಆಯ್ಕೆ ಇದೆ. ವರ್ಮ್ಯಾಜಿಕ್, ಸಿಆರ್‌ಸಿ ಎರಡನ್ನೂ ನೋಡಬೇಡ ಅಂತ ಹೇಳುವ ಆಯ್ಕೆ. ಡೆವಲಪರ್ ಅದನ್ನು ಡೇಟಾಬೇಸ್ ವಿಎಂನಲ್ಲೇ ಹಾಕಿ ನೋಡೋಣ ಅಂದ. ಅಡ್ಮಿನ್ ಒಪ್ಪಲಿಲ್ಲ. ‘ಹೊಂದಲ್ಲ ಅಂತ ಕರ್ನಲ್ಲೇ ಹೇಳ್ತಿದೆ. ಅದರ ಬಾಯಿ ಮುಚ್ಚಿಸಿ ಡೇಟಾಬೇಸ್ ಮೇಲೆ ಪ್ರಯೋಗ ಮಾಡೋದು ಬೇಡ, ಪ್ರತಿ ಮಾಡಿಕೊಂಡು ಅಲ್ಲಿ ನೋಡು’ ಅಂದರು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತ್ಯಂತ ಬೆಲೆಬಾಳುವ ತೀರ್ಮಾನ ಇದೇ.

ವಿಎಂನ ಸ್ನ್ಯಾಪ್‌ಶಾಟ್ ತೆಗೆದು ಅದರಿಂದ ಒಂದು ನಕಲು ವಿಎಂ ಎಬ್ಬಿಸಿದರು. ಅಲ್ಲಿ ಫೋರ್ಸ್ ಕೊಟ್ಟ ತಕ್ಷಣ ಕನ್ಸೋಲ್‌ನಲ್ಲಿ ಕರ್ನಲ್ ಊಪ್ಸ್ (ಕರ್ನಲ್ ಒಳಗೇ ತಪ್ಪಾದಾಗ ಬರುವ ಸಂದೇಶ) ಬಂದು ಯಂತ್ರ ನಿಂತಿತು. ಆಶ್ಚರ್ಯವೇನಿಲ್ಲ. ರಚನೆಯ ಅಳತೆ ಬೇರೆ ಇರುವಾಗ, ಮಾಡ್ಯೂಲ್‌ನ ಆರಂಭದ ಫಂಕ್ಷನ್ ಎಲ್ಲಿದೆ ಅಂತ ಕರ್ನಲ್ ಹುಡುಕುವ ಜಾಗದಲ್ಲಿ ಬೇರೇನೋ ಇರುತ್ತದೆ. ಅಲ್ಲಿಗೆ ಜಿಗಿದರೆ ಏನಾಗಬೇಕೋ ಅದೇ ಆಯಿತು.

ಡಮ್ಮಿ ಮಾಡ್ಯೂಲ್ ಹೇಳಿದ ವಿಷಯ

ನಾನು ಬಂದಾಗ ಇಬ್ಬರೂ ವೈರ್‌ಗಾರ್ಡ್ ಮತ್ತು ಯುಡಿಪಿ ಟನಲ್ ಸುತ್ತಲೇ ಸುತ್ತುತ್ತಿದ್ದರು. ಯಾವುದಕ್ಕೂ ಸಂಬಂಧವಿಲ್ಲದ, ಯಾವುದನ್ನೂ ಅವಲಂಬಿಸದ ಒಂದು ಮಾಡ್ಯೂಲ್ ತುಂಬಿ ನೋಡಿ ಅಂದೆ. ಡಮ್ಮಿ ಅಂತಲೇ ಒಂದು ನೆಟ್‌ವರ್ಕ್ ಮಾಡ್ಯೂಲ್ ಇದೆ, ಪರೀಕ್ಷೆಗೆ ಅದು ತುಂಬಾ ಒಳ್ಳೆಯದು. ಅದೂ ಅದೇ ದೂರು ಕೊಟ್ಟು ನಿಂತಿತು.

ಪ್ರಶ್ನೆ ಬದಲಾದದ್ದು ಇಲ್ಲಿ. ವೈರ್‌ಗಾರ್ಡ್ ಯಾಕೆ ಬರುತ್ತಿಲ್ಲ ಅನ್ನುವುದು ಹೋಗಿ, ಈ ಯಂತ್ರದಲ್ಲಿ ಯಾವುದಾದರೂ ಮಾಡ್ಯೂಲ್ ಎಂದಾದರೂ ಲೋಡ್ ಆಗಿದೆಯಾ ಅನ್ನುವುದು ಬಂತು. ಲೋಡ್ ಆದ ಮಾಡ್ಯೂಲ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಮಾಡ್ ಕೊಟ್ಟರೆ ತಲೆಬರಹದ ಸಾಲು ಮಾತ್ರ, ಕೆಳಗೆ ಖಾಲಿ. ಜರ್ನಲ್‌ನಲ್ಲಿ ಬೂಟ್ ಆದ ಹೊತ್ತಿಗೆ ಹಿಂದಕ್ಕೆ ಹೋದರೆ, ಸ್ಪೀಕರ್ ಡ್ರೈವರ್, ಮೌಸ್ ಡ್ರೈವರ್ ಹೀಗೆ ಯುಡೆವ್ (ಸಾಧನಗಳಿಗೆ ಬೇಕಾದ ಮಾಡ್ಯೂಲ್ ತುಂಬಿಸುವ ಪ್ರೋಗ್ರಾಂ) ತುಂಬಲು ನೋಡಿದ ಪ್ರತಿಯೊಂದರ ಮೇಲೂ ಅದೇ ಸಾಲು. ಈ ಯಂತ್ರ ಪ್ರತಿ ಬೂಟ್‌ನಲ್ಲೂ ಇದೇ ದೂರನ್ನು ಹೇಳಿಕೊಂಡು ಬಂದಿತ್ತು. ಡೇಟಾಬೇಸ್ ಓಡಲು ಯಾವ ಮಾಡ್ಯೂಲೂ ಬೇಕಿರಲಿಲ್ಲ, ಹಾಗಾಗಿ ಯಾರೂ ಆ ಕಡೆ ನೋಡಿರಲಿಲ್ಲ.

ಖಾಲಿ ಎಲ್‌ಎಸ್‌ಮಾಡ್ ಇನ್ನೊಂದು ಪ್ರಶ್ನೆ ಎಬ್ಬಿಸಿತು. ರೂಟ್ ಫೈಲ್‌ಸಿಸ್ಟಮ್ (ಮುಖ್ಯ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಇಡುವ ವಿಧಾನ) ಎಕ್ಸ್ಟ್4. ಡೆಬಿಯನ್ ತನ್ನ ಕರ್ನಲ್‌ನಲ್ಲಿ ಎಕ್ಸ್ಟ್4 ಅನ್ನು ಮಾಡ್ಯೂಲ್ ಆಗಿ ಕಟ್ಟುತ್ತದೆ. ವಿಎಂನ ಡಿಸ್ಕ್ ಓದಲು ಬೇಕಾದ ವರ್ಟಿಐಒ ಡ್ರೈವರ್ ಕೂಡ ಮಾಡ್ಯೂಲೇ. ಹೊಸ ವಿಎಂನ ಎಲ್‌ಎಸ್‌ಮಾಡ್‌ನಲ್ಲಿ ಎರಡೂ ಕಾಣುತ್ತವೆ. ಇಲ್ಲಿ ಎರಡೂ ಇಲ್ಲ, ಆದರೂ ಡಿಸ್ಕ್ ಮೌಂಟ್ ಆಗಿದೆ. ಹಾಗಾದರೆ ಅವು ಕರ್ನಲ್ ಒಳಗೇ ಕಟ್ಟಿಕೊಂಡಿರಬೇಕು. ಹಾಗೆ ಕಟ್ಟಿದ ಕರ್ನಲ್ ಡೆಬಿಯನ್‌ನದ್ದಾಗಿರಲು ಸಾಧ್ಯವಿಲ್ಲ.

ಯೂನೇಮ್‌ಗೆ ಆರ್ ಬದಲು ವಿ ಆಯ್ಕೆ ಕೊಟ್ಟು ನೋಡಿದೆವು. ಡೆಬಿಯನ್ ಕರ್ನಲ್ ಆಗಿದ್ದರೆ ಆ ಸಾಲಿನಲ್ಲಿ ಡೆಬಿಯನ್ ಅನ್ನುವ ಪದವೂ ಪ್ಯಾಕೇಜ್ ಆವೃತ್ತಿಯೂ ಇರುತ್ತವೆ. ಇಲ್ಲಿ ಎರಡೂ ಇರಲಿಲ್ಲ, ಬರೀ ಬಿಲ್ಡ್ ಸಂಖ್ಯೆ ಮತ್ತು ಒಂದು ಹಳೆಯ ತಾರೀಖು. ಬೂಟ್ ಫೋಲ್ಡರ್‌ನ ವಿಎಂಲಿನಕ್ಸ್ (ಕರ್ನಲ್ ಫೈಲ್) ಮೇಲೆ ಫೈಲ್ ಕಮಾಂಡ್ ಓಡಿಸಿದರೆ ಅದು ತನ್ನ ಬಿಲ್ಡ್ ಸಾಲನ್ನು ಬೇರೆಯೇ ಹೇಳಿತು. ಓಡುತ್ತಿರುವ ಕರ್ನಲ್‌ನ ವಿವರ ತೋರಿಸುವ ಪ್ರಾಕ್ ಫೋಲ್ಡರ್ ಕೆಳಗೆ ಸಂಕುಚಿತ ಕಾನ್ಫಿಗ್ ಫೈಲ್ ಕೂಡ ಇತ್ತು. ಡೆಬಿಯನ್ ಆ ಸೌಲಭ್ಯವನ್ನು ಚಾಲೂ ಮಾಡುವುದಿಲ್ಲ. ಅದನ್ನು ತೆರೆದು ಓದಿದರೆ ವೈರ್‌ಗಾರ್ಡ್ ಆಯ್ಕೆಯನ್ನೇ ಬಿಟ್ಟಿದ್ದರು.

ಗ್ರಬ್ ಓಡಿಯೇ ಇರಲಿಲ್ಲ

ಹಾಗಾದರೆ ಈ ಕರ್ನಲ್ ಎಲ್ಲಿಂದ ಬಂತು? ಪ್ರಾಕ್ ಕೆಳಗಿನ ಸಿಎಂಡಿಲೈನ್ ಫೈಲ್ ನೋಡಿದೆವು, ಬೂಟ್ ಆಗುವಾಗ ಕರ್ನಲ್‌ಗೆ ಕೊಟ್ಟ ಆಯ್ಕೆಗಳು ಅದರಲ್ಲಿರುತ್ತವೆ. ಗ್ರಬ್ (ಡಿಸ್ಕ್‌ನಿಂದ ಕರ್ನಲ್ ಎತ್ತಿ ಓಡಿಸುವ ಬೂಟ್‌ಲೋಡರ್) ಮೂಲಕ ಬೂಟ್ ಆದರೆ ಅದರ ಮೊದಲಿಗೆ ಬೂಟ್ ಇಮೇಜ್ ಅನ್ನುವ ತುಂಡು ಇರುತ್ತದೆ, ಅದನ್ನು ಸೇರಿಸುವುದು ಗ್ರಬ್ಬೇ. ಇಲ್ಲಿ ಅದು ಇಲ್ಲ. ರೂಟ್ ಡಿಸ್ಕ್ ಹೆಸರು ಮತ್ತು ಕನ್ಸೋಲ್ ಆಯ್ಕೆ ಮಾತ್ರ.

ಅಡ್ಮಿನ್‌ಗೆ ಇನ್ನೂ ಅನುಮಾನ ಇತ್ತು. ಅದೂ ಸರಿಯೇ, ಇಲ್ಲದ್ದನ್ನು ತೋರಿಸಿ ಒಪ್ಪಿಸುವುದು ಕಷ್ಟ. ಒಂದು ಸಣ್ಣ ಪರೀಕ್ಷೆ ಅವರೇ ಹೇಳಿದರು. ಗ್ರಬ್‌ನ ಕರ್ನಲ್ ಆಯ್ಕೆಗಳ ಸಾಲಿನಲ್ಲಿ ಯಾವ ಅರ್ಥವೂ ಇಲ್ಲದ ಒಂದು ಪದ ಸುಮ್ನೆ ಸೇರಿಸುವುದು, ಅಪ್‌ಡೇಟ್-ಗ್ರಬ್ ಓಡಿಸುವುದು, ನಕಲು ವಿಎಂ ಅನ್ನು ರೀಬೂಟ್ ಮಾಡುವುದು. ಅಪ್‌ಡೇಟ್-ಗ್ರಬ್ ತಕರಾರಿಲ್ಲದೆ ಓಡಿತು, ಫೈಲ್ ಬರೆಯಿತು. ರೀಬೂಟ್ ಆದ ಮೇಲೆ ಆ ಪದ ಸಿಎಂಡಿಲೈನ್‌ನಲ್ಲಿ ಇರಲಿಲ್ಲ. ಡಿಸ್ಕ್ ಪಟ್ಟಿ ನೋಡಿದಾಗ ಕೊನೆಯ ತುಣುಕೂ ಸಿಕ್ಕಿತು. ಡಿಸ್ಕ್‌ನಲ್ಲಿ ಪಾರ್ಟಿಶನ್‌ಗಳೇ ಇರಲಿಲ್ಲ, ಇಡೀ ಡಿಸ್ಕ್ ಮೇಲೆ ನೇರವಾಗಿ ಫೈಲ್‌ಸಿಸ್ಟಮ್. ಗ್ರಬ್ ಕೂರಲು ಅಲ್ಲಿ ಸರಿಯಾದ ಜಾಗವೂ ಇರಲಿಲ್ಲ.

ವಿಎಂ ಓಡಿಸುವ ಪ್ರೋಗ್ರಾಂ ಆದ ಕೆಮುಗೆ ಕರ್ನಲ್ ಫೈಲನ್ನು ಹೋಸ್ಟ್ ಕಡೆಯಿಂದ ನೇರವಾಗಿ ಕೊಡಬಹುದು. ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನಲ್ಲೂ ಅದಕ್ಕೆ ಆಯ್ಕೆ ಇದೆ. ಹಾಗೆ ಮಾಡಿದರೆ ವಿಎಂ ಒಳಗಿನ ಬೂಟ್‌ಲೋಡರ್ ಓಡುವುದೇ ಇಲ್ಲ. ಕಂಪನಿಯ ಸಹಾಯ ವಿಭಾಗ ಮೊದಲು ‘ಮಾಡ್ಯೂಲ್ ನಿಮ್ಮ ಕಡೆಯ ವಿಷಯ, ಪ್ಯಾಕೇಜ್ ಮತ್ತೆ ಹಾಕಿ’ ಅಂದಿತ್ತು. ಯೂನೇಮ್, ಸಿಎಂಡಿಲೈನ್, ಡಿಸ್ಕ್ ಪಟ್ಟಿ ಈ ಮೂರನ್ನೂ ಹೊಸ ವಿಎಂನ ಅದೇ ಮೂರರ ಪಕ್ಕದಲ್ಲಿಟ್ಟು ಕಳಿಸಿದ ಮೇಲೆ ಬೇರೆಯವರು ಉತ್ತರಿಸಿದರು. ಹಳೆಯ ಪ್ಲಾನ್ ಝೆನ್ (ಕೆವಿಎಂಗೆ ಮೊದಲಿನ ಇನ್ನೊಂದು ವಿಎಂ ವ್ಯವಸ್ಥೆ) ಕಾಲದಿಂದ ಬಂದದ್ದು, ಅದರಲ್ಲಿ ಕರ್ನಲ್ ಕೊಡುವುದು ಹೋಸ್ಟ್. ಪ್ಯಾನೆಲ್‌ನ ‘ಡೆಬಿಯನ್ 11’ ಆಯ್ಕೆ ಮಾಡುತ್ತಿದ್ದದ್ದು ಇಷ್ಟೇ: ಅವರು ತಾವೇ ಕಟ್ಟಿದ 5.10 ಕರ್ನಲ್ ಒಂದನ್ನು ಹಿಡಿಸುವುದು. ಒಳಗಿನ ಮಾಡ್ಯೂಲ್ ಫೋಲ್ಡರ್ ಸಿಗಲಿ ಅಂತ ಡೆಬಿಯನ್‌ನ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಒಳ್ಳೆಯ ಉದ್ದೇಶವೇ ಇರಬಹುದು. ಆದರೆ ಹೆಸರು ಬೇರೆ ಇದ್ದಿದ್ದರೆ ‘ಫೋಲ್ಡರ್ ಸಿಗಲಿಲ್ಲ’ ಅನ್ನುವ ನೇರ ದೂರು ಬಂದು, ಈ ಇಡೀ ಕಥೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತು.

ಮುಂದೇನು ಮಾಡಿದರು

ಕಂಪನಿ ಹೊಸ ಕರ್ನಲ್ ಫೈಲ್ ಹಾಕಿ ಕೊಡುತ್ತೇವೆ, ರೀಬೂಟ್ ಮಾಡಿ ಅಂದಿತು. ನಕಲು ವಿಎಂನಲ್ಲಿ ಮಾಡಿ ನೋಡಿದರು. ಏನೂ ಬದಲಾಗಲಿಲ್ಲ. ಕೆಮು ಕರ್ನಲ್ ಫೈಲನ್ನು ಓದುವುದು ತಾನು ಶುರುವಾಗುವಾಗ. ಒಳಗಿನಿಂದ ರೀಬೂಟ್ ಕೊಟ್ಟರೆ ಕೆಮು ಪ್ರಕ್ರಿಯೆ ಸಾಯುವುದಿಲ್ಲ, ಮೊದಲು ಓದಿಟ್ಟುಕೊಂಡದ್ದನ್ನೇ ಮತ್ತೆ ಕೊಡುತ್ತದೆ. ಪ್ಯಾನೆಲ್‌ನಿಂದ ಪೂರ್ತಿ ಆಫ್ ಮಾಡಿ ಆನ್ ಮಾಡಿದಾಗ ಹೊಸದು ಬಂತು. ಅದರಲ್ಲೂ ವೈರ್‌ಗಾರ್ಡ್ ಇರಲಿಲ್ಲ.

ಡಿಸ್ಕ್‌ನಿಂದಲೇ ಬೂಟ್ ಮಾಡುವ ಆಯ್ಕೆಯೂ ಪ್ಯಾನೆಲ್‌ನಲ್ಲಿತ್ತು. ಡೆವಲಪರ್‌ಗೆ ಅದು ಸುಲಭದ ದಾರಿ ಅನ್ನಿಸಿತು. ಪಾರ್ಟಿಶನ್ ಇಲ್ಲದ ಡಿಸ್ಕ್‌ನಲ್ಲಿ ಅದನ್ನು ಒತ್ತಿದ್ದರೆ ಯಂತ್ರ ಎದ್ದೇಳುತ್ತಲೇ ಇರಲಿಲ್ಲ. ಇನ್ನೊಂದು ಹೊಸ ವಿಎಂ ತೆಗೆದುಕೊಂಡು, ಅಲ್ಲಿ ಹೊಸದಾಗಿ ಡೆಬಿಯನ್ ಹಾಕಿ, ಡೇಟಾಬೇಸ್ ಅನ್ನು ಅಲ್ಲಿಗೆ ಸಾಗಿಸುವುದು ಅಂತ ತೀರ್ಮಾನವಾಯಿತು. ಸಾಗಿಸಲು ಸಮಯ ಬೇಕು, ಸಂಪರ್ಕ ಮಾತ್ರ ಈಗಲೇ ಬೇಕು. ಅದಕ್ಕೆ ವೈರ್‌ಗಾರ್ಡ್-ಗೋ ಬಳಸಿದರು. ಇದು ಕರ್ನಲ್ ಮಾಡ್ಯೂಲ್ ಇಲ್ಲದೆ ಸಾಮಾನ್ಯ ಪ್ರೋಗ್ರಾಂ ಆಗಿ ಓಡುತ್ತದೆ, ಟನ್ ಸಾಧನ (ಸಾಫ್ಟ್‌ವೇರ್‌ನಲ್ಲೇ ಇರುವ ನೆಟ್‌ವರ್ಕ್ ಇಂಟರ್‌ಫೇಸ್) ಒಂದಿದ್ದರೆ ಸಾಕು. ಹೋಸ್ಟ್‌ನ ಕರ್ನಲ್‌ನಲ್ಲಿ ಟನ್ ಒಳಗೇ ಇತ್ತು. ಮಾಡ್ಯೂಲ್ ಸಿಗದಿದ್ದಾಗ ವೈರ್‌ಗಾರ್ಡ್ ಸಂಪರ್ಕ ಎಬ್ಬಿಸುವ ಡಬ್ಲ್ಯುಜಿ-ಕ್ವಿಕ್ ತಾನಾಗಿಯೇ ಇದಕ್ಕೆ ಹೊರಳುತ್ತದೆ, ಇದು ನಿಧಾನ ಅಂತ ಒಂದು ಎಚ್ಚರಿಕೆಯನ್ನೂ ಬರೆಯುತ್ತದೆ. ಅವರ ಬಳಕೆಗೆ ಆ ವೇಗ ಸಾಲದೆ ಹೋಗಲಿಲ್ಲ. ಡೇಟಾಬೇಸ್ ಆ ಹೊಸ ವಿಎಂಗೆ ಹೋದ ಮೇಲೆ ಕರ್ನಲ್‌ನ ವೈರ್‌ಗಾರ್ಡ್ ಮೊದಲ ಸಲಕ್ಕೇ ಲೋಡ್ ಆಯಿತು.

ಮಾಡ್ಯೂಲ್‌ಗಿಂತ ದೊಡ್ಡದು

ಸಂಪರ್ಕದ ಕೆಲಸ ಮುಗಿದ ಮೇಲೆ ಅಡ್ಮಿನ್ ಒಂದು ಪ್ರಶ್ನೆ ಕೇಳಿದರು: ‘ಹಾಗಾದ್ರೆ ನಾವು ಇಷ್ಟು ದಿನ ಹಾಕಿದ ಕರ್ನಲ್ ಪ್ಯಾಚ್‌ಗಳು ಎಲ್ಲಿಗೆ ಹೋದವು?’

ಎಲ್ಲಿಗೂ ಹೋಗಿರಲಿಲ್ಲ, ಬೂಟ್ ಫೋಲ್ಡರ್‌ನಲ್ಲೇ ಬಿದ್ದಿದ್ದವು. ಭದ್ರತಾ ಅಪ್‌ಡೇಟ್ ಬಂದಾಗೆಲ್ಲ ಡೆಬಿಯನ್‌ನ ಪ್ಯಾಕೇಜ್ ಸಾಧನ ಆಪ್ಟ್ ಹೊಸ ಕರ್ನಲ್ ಇಳಿಸಿತ್ತು, ಇವರು ರೀಬೂಟ್ ಮಾಡಿದ್ದರು, ವರದಿಯಲ್ಲಿ ‘ಪ್ಯಾಚ್ ಆಗಿದೆ’ ಅಂತ ಬರೆದಿದ್ದರು. ವರದಿ ನೋಡುತ್ತಿದ್ದದ್ದು ಪ್ಯಾಕೇಜ್ ಪಟ್ಟಿಯನ್ನು. ಓಡುತ್ತಿದ್ದದ್ದು ಮಾತ್ರ ಅದೇ ಹಳೆಯ ತಾರೀಖಿನ ಬಿಲ್ಡ್. ರೀಬೂಟ್ ಆದ ಮೇಲೂ ಯೂನೇಮ್ ಹಳೆಯ ಹೆಸರನ್ನೇ ತೋರಿಸುತ್ತಿದ್ದುದನ್ನು ಒಮ್ಮೆ ಗಮನಿಸಿದ್ದರಂತೆ. ಗ್ರಬ್ ಎಲ್ಲೋ ಹಳೆಯ ಆಯ್ಕೆಗೆ ಅಂಟಿಕೊಂಡಿರಬೇಕು, ಆಮೇಲೆ ನೋಡೋಣ ಅಂತ ಬಿಟ್ಟಿದ್ದರು. ಹಳೆಯ ಹೆಸರಿನ ಮಾಡ್ಯೂಲ್ ಫೋಲ್ಡರ್ ಅಲ್ಲಿ ಉಳಿದದ್ದಕ್ಕೂ ಕಾರಣ ಇದೇ. ಬೇಡದ ಪ್ಯಾಕೇಜ್ ತೆಗೆಯುವಾಗ, ಓಡುತ್ತಿರುವ ಕರ್ನಲ್‌ನ ಹೆಸರಿಗೆ ಹೊಂದುವ ಪ್ಯಾಕೇಜನ್ನು ಆಪ್ಟ್ ಮುಟ್ಟುವುದಿಲ್ಲ. ಅದೂ ಹೆಸರನ್ನೇ ನಂಬಿತ್ತು.

ಮಾಡ್ಯೂಲ್ ಒಂದು ಬೇಕಾಗದೇ ಇದ್ದಿದ್ದರೆ ಇದು ಎಷ್ಟು ಕಾಲ ಹೀಗೇ ನಡೆಯುತ್ತಿತ್ತೋ. ನನಗೆ ಈ ಪ್ರಕರಣದಲ್ಲಿ ಮುಖ್ಯ ಅನ್ನಿಸುವುದು ವೈರ್‌ಗಾರ್ಡ್ ಅಲ್ಲ, ಇದು. ಅಲ್ಲಿಂದ ಮುಂದೆ ಅವರ ತಪಾಸಣೆ ಸ್ಕ್ರಿಪ್ಟ್ ಪ್ರತಿ ವಿಎಂನಿಂದ ಯೂನೇಮ್‌ನ ವಿ ಸಾಲನ್ನೂ ಸಿಎಂಡಿಲೈನ್ ಅನ್ನೂ ತರುತ್ತದೆ. ಅದನ್ನು ಇನ್‌ಸ್ಟಾಲ್ ಆಗಿರುವ ಹೊಸ ಕರ್ನಲ್ ಪ್ಯಾಕೇಜಿನ ಆವೃತ್ತಿಯ ಜೊತೆ ಹೋಲಿಸುತ್ತದೆ. ಹೊಂದದಿದ್ದರೆ ಆ ಯಂತ್ರವನ್ನು ಪ್ಯಾಚ್ ಆಗಿದೆ ಅಂತ ಎಣಿಸುವುದಿಲ್ಲ.

ಸ್ಕ್ರಿಪ್ಟ್ ಮೊದಲ ಸಲ ಓಡಿದಾಗ ಇನ್ನೊಂದು ವಿಎಂ ಸಿಕ್ಕಿತು, ಮೇಲ್ ಕಳಿಸುವ ಒಂದು ಹಳೆಯ ಯಂತ್ರ. ಅದಕ್ಕೂ ಹೋಸ್ಟ್ ಕೊಟ್ಟ ಕರ್ನಲ್, ಅಲ್ಲೂ ಪಾರ್ಟಿಶನ್ ಇಲ್ಲದ ಡಿಸ್ಕ್. ಅದನ್ನು ಸಾಗಿಸುವ ಕೆಲಸ ಇನ್ನೂ ಆಗಿಲ್ಲ. ಸದ್ಯಕ್ಕೆ ದಾಖಲೆಯಲ್ಲಿ ಅದರ ಕರ್ನಲ್ ಕಾಲಂನಲ್ಲಿ ‘ಹೋಸ್ಟ್‌ನದು’ ಅಂತ ಬರೆದಿದ್ದಾರೆ. ಡೆಬಿಯನ್ ಕರ್ನಲ್ ಭದ್ರತಾ ಸೂಚನೆ ಬಂದಾಗಲೆಲ್ಲ ಕಂಪನಿಗೆ ಟಿಕೆಟ್ ಹಾಕುತ್ತಾರೆ, ಅವರು ಫೈಲ್ ಬದಲಾಯಿಸಿದೆವು ಅಂದ ಮೇಲೆ ಪ್ಯಾನೆಲ್‌ನಿಂದ ಪೂರ್ತಿ ಆಫ್ ಮಾಡಿ ಆನ್ ಮಾಡುತ್ತಾರೆ.